ಮಾವನ ಕಾಣದ ಹೊಲಿಗೆ

ನಮ್ಮ ಮಾವನಂಥ ಜಂಭದ ಮನುಷ್ಯನನ್ನು ನಾನು ಬೇರೆಲ್ಲೂ ನೋಡಲಿಲ್ಲ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ನನ್ನ ಉಣ್ಣೆ ಶಾಲು ಬಾಗಿಲ ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ಅಮ್ಮ ಕೊಟ್ಟ ಶಾಲು, ಅಳುವೇ ಬಂತು. ಮಾವ ಅದನ್ನು ಮಾತಿಲ್ಲದೆ ಎತ್ತಿಕೊಂಡು ಹೋದರು. ಮರುದಿನ ಮಡಿಸಿ ಕೈಗಿಟ್ಟು, "ಎಲ್ಲಿ ಹರಿದಿತ್ತು, ತೋರಿಸು ನೋಡೋಣ" ಎಂದರು. ಕಿಟಕಿಯ ಬೆಳಕಿಗೆ ಹಿಡಿದೆ, ಬೆರಳಾಡಿಸಿದೆ, ಒಳಮೈ ಹೊರಮೈ ಮಾಡಿ ನೋಡಿದೆ. ಸಿಗಲಿಲ್ಲ.

"ಸೊಸೆ ಕಣ್ಣು ಬಹಳ ಚುರುಕು ಅಂದಿದ್ರಲ್ಲಪ್ಪ ಬೀಗರು?" ಎಂದು ಮಾವ ಮೀಸೆಯಲ್ಲೇ ನಕ್ಕರು.

"ಶುರುವಾಯ್ತು ಇವರದ್ದು" ಎಂದು ಅತ್ತೆ ಅಡುಗೆಮನೆಯಿಂದಲೇ ಮೂಗು ಮುರಿದರು. ಆ ಮನೆಯ ಹಗಲುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತಿದ್ದವು. ಈಗ ಅವರಿಬ್ಬರೂ ಇಲ್ಲ. ಆ ಗೊಣಗಾಟ ಕೇಳದೆ ಎದ್ದ ಬೆಳಗು ಬೆಳಗು ಅಂತಲೇ ಅನ್ನಿಸುವುದಿಲ್ಲ ನನಗೆ.

ಮಾವ ದೊಡ್ಡಾಸ್ಪತ್ರೆಯಲ್ಲಿ ಹೊಲಿಗೆ ಕೆಲಸದವರು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಜಾಗದ ಪಕ್ಕ, ಅವರದೊಂದು ಕೋಣೆ. ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಮೆಷಿನ್, ಮೂಲೆ ಸವೆದ ಉದ್ದನೆ ಮೇಜು, ಹರಿದ ಹೊದಿಕೆಗಳ ಗುಡ್ಡೆ. ಕಿಟಕಿ ಅಂಗಳದ ಮಟ್ಟಕ್ಕಿದ್ದುದರಿಂದ ಹೊರಗೆ ಓಡಾಡುವವರ ಕಾಲುಗಳಷ್ಟೇ ಕಾಣಿಸುತ್ತಿದ್ದವು. ಯಾವ ಡಾಕ್ಟರ ಬೂಟಿಗೆ ಹೊಸ ಅಟ್ಟೆ ಹಾಕಿಸಿದ್ದಾರೆ, ಯಾವ ನರ್ಸು ಚಪ್ಪಲಿ ಎಳೆಯುತ್ತಾ ನಡೆಯುತ್ತಾಳೆ, ಎಲ್ಲ ಮಾವನಿಗೆ ಬಾಯಿಪಾಠ. ಕುದಿಯುವ ಬಟ್ಟೆ, ಸೋಪು, ಬಿಸಿ ಇಸ್ತ್ರಿ, ಈ ಮೂರರ ವಾಸನೆ ಅಲ್ಲಿ ಗೋಡೆಗೇ ಅಂಟಿತ್ತು. ಇವತ್ತಿಗೂ ಇಸ್ತ್ರಿ ಅಂಗಡಿಯ ಮುಂದೆ ಹಾದರೆ ನನ್ನ ನಡಿಗೆ ನಿಧಾನವಾಗುತ್ತದೆ.

ಮಧ್ಯಾಹ್ನ ಊಟದ ಡಬ್ಬಿ ಒಯ್ಯುತ್ತಿದ್ದವಳು ನಾನು. ಕೊಟ್ಟು ಬರುತ್ತೇನೆಂದು ಹೋಗಿ ಹರಟುತ್ತ ಕೂರುವುದೇ ಜಾಸ್ತಿ. ಅದೇ ಹೊತ್ತಿಗೆ ಜ್ವರದ ವಾರ್ಡಿನಿಂದ ಇಬ್ಬರು ಇಳಿದು ಬರುತ್ತಿದ್ದರು. ಒಬ್ಬರು ವಾರ್ಡಿನ ಮುಖ್ಯ ನರ್ಸ್. ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಆಳೂ ದೊಡ್ಡದು, ಗಂಟಲೂ ದೊಡ್ಡದು. ಅವರ ಹಿಂದೆಯೇ ಗುಬ್ಬಿ ಎಂಬ ಅಡ್ಡಹೆಸರಿನ ಆಯಾ, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಕೂರು ಅಂದರೂ ಕೂರದೆ ನಿಂತೇ ಊಟ ಮುಗಿಸುವವಳು. "ನಿಂತು ತಿಂದ್ರೆ ಎತ್ತರ ಆಗ್ತೀನಿ ಅಂದ್ಕೊಂಡಿದ್ದಾಳೆ" ಎಂದು ಸಿಸ್ಟರ್ ರೇಗಿಸುತ್ತಿದ್ದರು. "ನೀವು ಕೂತೇ ತಿಂದು ಅಗಲ ಆದ್ರಲ್ಲ, ಅದಕ್ಕೇ" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ಆ ಕೋಣೆಯಲ್ಲಿ ನಾನು ನಕ್ಕಷ್ಟು ಬೇರೆಲ್ಲೂ ನಗಲಿಲ್ಲ.

ಜ್ವರದ ವಾರ್ಡಿನವರು ತೊಡುವ ಗೌನುಗಳೂ ಮಾವನ ಮೇಜಿಗೇ ಬರುತ್ತಿದ್ದವು. ದಪ್ಪ ನೀಲಿ ಬಟ್ಟೆ, ಒಳಗಡೆ ಮೇಣದಂಥ ಲೇಪ. ರೋಗಿ ವಾಂತಿ ಮಾಡಿಕೊಂಡರೂ ಒಳಕ್ಕೆ ಇಳಿಯಬಾರದು, ಅದಕ್ಕೇ ಆ ಲೇಪ. ಯಾವ ಕಾಲದಲ್ಲೋ ತರಿಸಿದ ಗೌನುಗಳವು, ಆಮೇಲೆ ಹೊಸದು ಬಂದದ್ದನ್ನು ನಾನಂತೂ ಕಾಣೆ. ಹರಿದರೆ ಮಾವ ಅದೇ ಗೌನಿನ ಅಂಚಿನಿಂದ ಎಳೆ ಬಿಡಿಸಿಕೊಂಡು, ಎಳೆಗೆ ಎಳೆ ಕೂರಿಸಿ, ನೇಯ್ದಂತೆ ಮುಚ್ಚುತ್ತಿದ್ದರು. ಯಾರಾದರೂ ಮೇಲಧಿಕಾರಿಗಳು ಬಂದಾಗ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಬಂದವರನ್ನು ನೇರ ಕೆಳಗೆ ಕರೆತಂದು, "ನಮ್ಮಲ್ಲಿ ಒಂದು ಹರಕು ಬಟ್ಟೆ ಹುಡುಕಿ ನೋಡೋಣ" ಎನ್ನುತ್ತಿದ್ದರು. ಆ ದಿನ ಸಂಜೆ ಮನೆಯಲ್ಲಿ ಮಾವನ ಬಡಾಯಿಗೆ ಕಿವಿ ಕೊಟ್ಟು ನಮ್ಮೆಲ್ಲರ ಊಟ ಆರಿ ಹೋಗುತ್ತಿತ್ತು.

ಆಮೇಲೆ ಆ ವರ್ಷದ ಜ್ವರ ಬಂತು.

ವಾರ್ಡು ತುಂಬಿ, ಮೊಗಸಾಲೆ ತುಂಬಿ, ಮೆಟ್ಟಿಲ ಕೆಳಗೂ ಹಾಸಿಗೆ ಹಾಕಿದರು. ನನ್ನನ್ನು ಗೇಟಿನಲ್ಲೇ ತಡೆದರು, ಡಬ್ಬಿ ಕಾವಲುಗಾರನ ಕೈ ಸೇರಿತು. ಸ್ವಲ್ಪ ದಿನದಲ್ಲೇ ದೊಡ್ಡ ಸಿಸ್ಟರ್ ಜ್ವರ ಹತ್ತಿ ತಮ್ಮದೇ ವಾರ್ಡಿನಲ್ಲಿ ಮಲಗಿದರು. ಅವರನ್ನು ನೋಡಿಕೊಂಡದ್ದು ಗುಬ್ಬಿ. ಸಿಸ್ಟರ್ ಎದ್ದು ಕೂತರು, ಗುಬ್ಬಿ ಮಲಗಿದವಳು ಏಳಲಿಲ್ಲ.

ಜ್ವರ ಇಳಿದ ಮೇಲೆ ಊರಿನ ಬಾಯಿಗೆ ಜ್ವರ ಬಂತು. ಆಸ್ಪತ್ರೆಯೊಳಗೇ ರೋಗ ಹರಡಿದ್ದು ಹೇಗೆ, ಯಾರ ತಪ್ಪು? ಬಸ್ಸಿನಲ್ಲಿ ಅದೇ, ಕ್ಷೌರದಂಗಡಿಯಲ್ಲಿ ಅದೇ, ಪತ್ರಿಕೆಯಲ್ಲಿ ಅದೇ. ಸೂಪರಿಂಟೆಂಡೆಂಟ್ ಉಗ್ರಾಣದ ಕಡೆ ಬೆರಳು ತೋರಿಸಿದರು, ಉಗ್ರಾಣದವರು ಇಲಾಖೆಯ ಕಡೆ, ಇಲಾಖೆಯವರು ಮಂತ್ರಿಯ ಕಡೆ, ಮಂತ್ರಿ ಹಿಂದಿನ ಮಂತ್ರಿಯ ಕಡೆ. ವಾರ್ಡಿನಲ್ಲಿ ಕೈ ತೊಳೆಯಲು ಸೋಪಿರಲಿಲ್ಲವೇನೋ, ಇವರೆಲ್ಲ ಮಾತ್ರ ಚೆನ್ನಾಗಿ ಕೈ ತೊಳೆದುಕೊಂಡರು. ಕೊನೆಗೆ ಎಲ್ಲರೂ ಸೇರಿ ಗೂಬೆ ಕೂರಿಸಿದ್ದು ದೊಡ್ಡ ಸಿಸ್ಟರ್ ತಲೆ ಮೇಲೆ. ಅವರು ಜ್ವರ ಹತ್ತುವ ಮುಂಚಿನ ದಿನಗಳಲ್ಲಿ ತೊಡುತ್ತಿದ್ದ ಗೌನನ್ನು ಕುದಿಸಿ ತೆಗೆದಿಟ್ಟಿದ್ದರು. ಅದರಲ್ಲಿ ಒಂದು ತೂತೂ ಇಲ್ಲ. ಅಂದಮೇಲೆ ಈಯಮ್ಮನೇ ಕಳಚುವಾಗ ಬೇಜವಾಬ್ದಾರಿ ಮಾಡಿ ರೋಗ ಅಂಟಿಸಿಕೊಂಡಳು, ಇನ್ನೊಬ್ಬಳನ್ನೂ ಬಲಿ ಕೊಟ್ಟಳು. ಹೀಗಿತ್ತು ಲೆಕ್ಕ. ಅವರನ್ನು ಕೆಲಸದಿಂದ ನಿಲ್ಲಿಸಿದರು.

ಗುಬ್ಬಿಯ ತಾಯಿ ದಿನಾ ಬೆಳಿಗ್ಗೆ ಸಿಸ್ಟರ್ ಮನೆಯ ಮುಂದೆ ನಿಂತು, "ನನ್ನ ಮಗಳನ್ನ ತಿಂದ್ಕೊಂಡೆಯಲ್ಲೇ" ಎಂದು ಕೂಗುತ್ತಿದ್ದರು. ಒಮ್ಮೆ ನೋಡಿಕೊಂಡು ಬರಲು ಹೋದೆ. ಜ್ವರದಲ್ಲಿ ಕೂದಲೆಲ್ಲ ಉದುರಿದ್ದ ಸಿಸ್ಟರ್ ಪರದೆ ಎಳೆದ ಕೋಣೆಯಲ್ಲಿ ಕೂತಿದ್ದರು. "ಕೂಗಲಿ ಬಿಡು, ನನಗೂ ಹಾಗೇ ಅನ್ನಿಸ್ತಿದೆ" ಎಂದರು. ಆ ದೊಡ್ಡ ಗಂಟಲು ಅಷ್ಟು ಸಣ್ಣದಾಗಿತ್ತು.

ಮನೆಯಲ್ಲೂ ಊಟಕ್ಕೆ ಕೂತರೆ ಇದೇ ವಾದ. ಮಾವ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹವಾಮಾನದ ಬಗ್ಗೆಯೂ ಜಗಳಕ್ಕೆ ನಿಲ್ಲುವ ಮನುಷ್ಯ! ನಾನೇ ಕೆಣಕಿದೆ.

"ಆ ಗೌನಿನಲ್ಲಿ ನನ್ನ ಹೊಲಿಗೆ ಇದೆ ಅನ್ಸುತ್ತೆ ಕಣಮ್ಮ" ಎಂದರು.

"ಇದ್ರೆ ಏನಾಯ್ತು? ತೂತಿಲ್ಲ ಅಂತಾರಲ್ಲ."

"ತೂತು ಮುಚ್ಚಬಹುದು. ಆ ಲೇಪ ಎಲ್ಲಿಂದ ತರಲಿ? ಸೂಜಿ ಆಡಿದ ಕಡೆ ನೀರು ಇಳಿಯುತ್ತೆ."

ಅತ್ತೆ ಸೌಟು ಕೆಳಗಿಟ್ಟರು. "ನಿಮ್ಮ ಹೆಸರು ಯಾರಾದ್ರೂ ಎತ್ತಿದ್ದಾರಾ? ಇಲ್ಲ ತಾನೇ? ಸುಮ್ನೆ ಇರಿ. ನಾಳೆ ಆ ತಾಯಿ ನಮ್ಮ ಬಾಗಿಲಿಗೆ ಬಂದು ನಿಂತ್ರೆ ಏನು ಮಾಡ್ತೀರಿ?"

ಆದರೆ ಜ್ವರ ಹರಡಿದ್ದರ ಬಗ್ಗೆ ಸರ್ಕಾರ ಕರೆದ ಸಾರ್ವಜನಿಕ ವಿಚಾರಣೆಯ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ನಾನೂ ಚಪ್ಪಲಿ ಮೆಟ್ಟಿದೆ.

ಸಭಾಂಗಣ ಕಿಕ್ಕಿರಿದಿತ್ತು. ಮುಂದೆ ನಿವೃತ್ತ ನ್ಯಾಯಾಧೀಶರು, ಅವರ ಮೇಜಿನ ಮೇಲೆ ಆ ನೀಲಿ ಗೌನು. ಮೊದಲ ಸಾಲಿನಲ್ಲಿ ಗುಬ್ಬಿಯ ತಾಯಿ, ಕೊನೆಯ ಸಾಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಸಿಸ್ಟರ್. ಹೇಳುವುದಿದ್ದವರು ಹೇಳಬಹುದು ಎಂದಾಗ ಮಾವ ಎದ್ದರು.

"ಸಾರ್, ಆ ಗೌನು ಹರಿದಿತ್ತು. ನಾನು ಹೊಲಿದಿದ್ದೀನಿ."

ನ್ಯಾಯಾಧೀಶರು ಅದನ್ನು ದೀಪಕ್ಕೆ ಹಿಡಿದು ನೋಡಿದರು. ಪಕ್ಕದವರಿಗೆ ಕೊಟ್ಟರು. ಯಾರಿಗೂ ಏನೂ ಕಾಣಿಸಲಿಲ್ಲ. "ಎಲ್ಲಿ, ನೀವೇ ತೋರಿಸಿ" ಎಂದರು.

ಮಾವ ಕನ್ನಡಕ ಒರೆಸಿಕೊಂಡು ಹುಡುಕಿದರು. ತೋಳು, ಎದೆ, ಅಂಚು, ಬೆನ್ನು. ಬೆರಳ ತುದಿಯಲ್ಲಿ ತಡಕಿದರು. ಅವರಿಗೂ ಸಿಗಲಿಲ್ಲ. ಜೀವಮಾನವೆಲ್ಲ ಬೇರೆಯವರ ಕಣ್ಣಿಗೆ ಸವಾಲು ಹಾಕಿದವರು ತಾವೇ ಸೋತು ನಿಂತರು. ಹಿಂದೆ ಯಾರೋ ಕಿಸಕ್ಕೆಂದರು. "ಗೆಳತೀನ ಉಳಿಸೋಕೆ ಬಂದಿದ್ದಾನೆ ಮುದುಕ" ಎಂದಿತು ಇನ್ನೊಂದು ಗಂಟಲು. ನನಗೆ ಮೈಯೆಲ್ಲ ಉರಿಯಿತು.

ಮಾವ ಮೇಜಿನ ಮೇಲಿದ್ದ ನೀರಿನ ಜಗ್ಗು ಎತ್ತಿಕೊಂಡರು. "ಬಾಮ್ಮ ಇಲ್ಲಿ, ಹಿಡ್ಕೋ." ನಾನೂ ಒಬ್ಬ ಗುಮಾಸ್ತರೂ ಗೌನನ್ನು ಜೋಲಿಯಂತೆ ಹಿಡಿದೆವು. ಮಾವ ಅದರೊಳಗೆ ನೀರು ಸುರಿದರು. ನೀರು ನಿಂತಿತು. ಕಾದೆವು. ಏನೂ ಆಗಲಿಲ್ಲ. ಆಮೇಲೆ ಅಡಿಯಲ್ಲಿ ಒಂದು ಹನಿ ಮೂಡಿತು. ಇನ್ನೊಂದು. ಎದೆಯ ಕೆಳಗೆ ಅಂಗೈಯಗಲ ಜಾಗ ಕಪ್ಪಾಗಿ ಒದ್ದೆಯಾಗಿ, ನೆಲಕ್ಕೆ ಟಪಟಪ ತೊಟ್ಟಿಕ್ಕತೊಡಗಿತು.

ಮಾವ ಆ ಒದ್ದೆಯನ್ನು ಬಗ್ಗಿ ನೋಡಿದರು. ಒಂದು ಗಳಿಗೆ ಅವರ ಮುಖದಲ್ಲಿ ಹಳೇ ಜಂಭ ಹೊಳೆಯಿತು, ಅಷ್ಟು ದೊಡ್ಡ ಹರಕನ್ನು ಅಷ್ಟು ಚೆನ್ನಾಗಿ ಮುಚ್ಚಿದ್ದೆನಲ್ಲ ಎಂದು. ನಾನು ಹತ್ತಿರವಿದ್ದೆ, ಕಂಡೆ. ಮರುಗಳಿಗೆ ಆ ಮುಖ ಕುಸಿಯಿತು.

"ಹೊಲಿ ಅಂತ ನಿಮಗೆ ಯಾರು ಹೇಳಿದ್ರು?" ನ್ಯಾಯಾಧೀಶರು ಕೇಳಿದರು.

"ಯಾರೂ ಹೇಳ್ಲಿಲ್ಲ ಸಾರ್. ಬೇಡ ಅಂತಲೂ ಯಾರೂ ಹೇಳ್ಲಿಲ್ಲ. ಹರಕು ಕಂಡಿದ್ರೆ ಯಾರಾದ್ರೂ ಹೊಸದು ಕೇಳ್ತಿದ್ರು. ಕಾಣದ ಹಾಗೆ ಮಾಡಿದ್ದು ನಾನು. ಸಿಸ್ಟರ್‌ದು ತಪ್ಪಿಲ್ಲ."

ಸೂಪರಿಂಟೆಂಡೆಂಟ್ ಎದ್ದೇಬಿಟ್ಟರು. "ನೋಡಿ, ಅವರೇ ಒಪ್ಕೊಂಡ್ರು!"

ನನಗೆ ತಡೆಯಲಾಗಲಿಲ್ಲ. "ಹೊಗಳಿ ಹೊಗಳಿ ಹೊಲಿಸಿಕೊಂಡಿದ್ದು ಯಾರ್ರೀ? ಊರವರನ್ನೆಲ್ಲ ಕರ್ಕೊಂಡು ಬಂದು ತೋರಿಸ್ತಿದ್ದೋರು ಯಾರು?" ಎಂದು ಕೂಗಿದೆ. ಅಲ್ಲಿಂದ ಮುಂದೆ ಯಾರು ಯಾರಿಗೆ ಏನಂದರೋ ಯಾರಿಗೂ ಕೇಳಿಸಲಿಲ್ಲ. ಮತ್ತೆ ಉಗ್ರಾಣ, ಮತ್ತೆ ಇಲಾಖೆ, ಮತ್ತೆ ಮಂತ್ರಿ.

ಹೊರಗೆ ಮೆಟ್ಟಿಲ ಮೇಲೆ ಸಿಸ್ಟರ್ ಸಿಕ್ಕರು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆ. ಅವರು ಮಾವನ ಪಕ್ಕ ಕೂತು, "ಅವತ್ತು ರೋಗಿ ಮೈಮೇಲೆ ವಾಂತಿ ಮಾಡ್ಕೊಂಡಾಗ ಗೌನಿನ ಒಳಗೆ ತಣ್ಣಗೆ ಅನ್ನಿಸಿತ್ತು" ಎಂದರು. "ಬೆವರು ಅಂದ್ಕೊಂಡೆ. ನೀವು ಮುಟ್ಟಿ ಕೊಟ್ಟ ಬಟ್ಟೆ ಅಲ್ವಾ, ಅನುಮಾನಾನೇ ಬರಲಿಲ್ಲ." ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಿಸ್ಟರ್ ಕೆಲಸಕ್ಕೆ ಮರಳಿದರು. ಮಾವನನ್ನು ತೆಗೆದುಹಾಕುತ್ತಾರೆ ಅಂದುಕೊಂಡಿದ್ದೆವು. ತೆಗೆದರೆ ಪತ್ರಿಕೆಯವರು ಸುಮ್ಮನಿರುವುದಿಲ್ಲ ಎಂದು ಬಿಟ್ಟರು. ಮಾವ ಅಂಗಡಿಗೆ ಹೋಗಿ ಕೆಂಪು ದಾರದ ಉಂಡೆಗಳನ್ನು ತಂದರು. ಅಲ್ಲಿಂದಾಚೆ ಆಸ್ಪತ್ರೆಯಲ್ಲಿ ಹರಿದದ್ದಕ್ಕೆಲ್ಲ ಕೆಂಪು ಹೊಲಿಗೆ. ಹೊದಿಕೆ, ದಿಂಬು, ಪರದೆ, ಎಲ್ಲೆಲ್ಲೂ ಕೆಂಪು. ಲೇಪದ ಗೌನು ಹರಿದರೆ ಹೊಲಿಯುತ್ತಲೇ ಇರಲಿಲ್ಲ, ಹರಕಿನ ಸುತ್ತ ಕೆಂಪು ಗೆರೆ ಎಳೆದು ಮೇಲಕ್ಕೆ ಕಳಿಸುತ್ತಿದ್ದರು. "ಆಸ್ಪತ್ರೆ ಭಿಕ್ಷುಕರ ಗುಡಿಸಲಿನ ಥರ ಕಾಣ್ತಿದೆ" ಎಂದು ಸೂಪರಿಂಟೆಂಡೆಂಟ್ ಕೂಗಾಡಿದರಂತೆ. "ಕಾಣಲಿ ಸಾರ್" ಎಂದರಂತೆ ಮಾವ. ರೋಗಿಗಳ ಕಡೆಯವರು ನೋಡಿ ಗಲಾಟೆ ಮಾಡಿದ ಮೇಲೆ ಹೊಸ ಗೌನುಗಳು ಬಂದವು. ಮನೆಯಲ್ಲಿ ಅತ್ತೆಯ ಬೂದು ಕೋಟಿಗೂ ಕೆಂಪು ದಾರವೇ ಬಿತ್ತು. ಅವರು ತಿಂಗಳುಗಟ್ಟಲೆ ಬೈದರು, ಆದರೆ ಕೋಟು ತೊಡುವುದನ್ನು ಬಿಡಲಿಲ್ಲ.

ಅತ್ತೆ ಹೆದರಿದ್ದೂ ನಿಜವಾಯಿತು. ವಿಚಾರಣೆಯ ಮರುದಿನದಿಂದ ಗುಬ್ಬಿಯ ತಾಯಿ ಸಿಸ್ಟರ್ ಮನೆಯ ಕಡೆ ಹೋಗಲಿಲ್ಲ, ನಮ್ಮ ಬಾಗಿಲಿಗೆ ಬಂದರು. ಬಾಯಿಗೆ ಬಂದಂತೆ ಬೈದರು. ನನ್ನ ಗಂಡ ಬಾಗಿಲು ಹಾಕಲು ಹೋದರೆ ಮಾವ ತಡೆದರು. ಹೊಸ್ತಿಲಾಚೆ ನಿಂತು, ಕೈಕಟ್ಟಿ, ಕೊನೆಯ ಮಾತಿನವರೆಗೂ ಕೇಳಿದರು. ಆಕೆ ಮತ್ತೆ ಬಂದರು, ಮಾವ ಮತ್ತೆ ಕೇಳಿದರು. ಕೆಲವು ಸಲ ಬೈಗುಳ ಅರ್ಧಕ್ಕೇ ನಿಂತು, ಗುಬ್ಬಿ ಚಿಕ್ಕವಳಿದ್ದಾಗಿನ ಯಾವುದೋ ಕಥೆಗೆ ತಿರುಗುತ್ತಿತ್ತು. ಆಗ ಅತ್ತೆ ಒಳಗಿಂದ ಒಂದು ಸ್ಟೂಲು ತಂದಿಟ್ಟು ಹೋಗುತ್ತಿದ್ದರು.

ಬಹಳ ಕಾಲದ ಮೇಲೆ ವಿಚಾರಣೆಯ ವರದಿ ಹೊರಬಿತ್ತು. ಪತ್ರಿಕೆಯಲ್ಲಿ ಒಂದು ಪುಟದ ತುಂಬ ಇತ್ತು. ಗುಬ್ಬಿಯ ತಾಯಿಗೆ ಓದಲು ಬರುತ್ತಿರಲಿಲ್ಲ, ನಾನೇ ಬಾಗಿಲಲ್ಲಿ ಕೂತು ಓದಿ ಹೇಳಿದೆ. ವ್ಯವಸ್ಥೆಯ ಲೋಪ, ಸಮನ್ವಯದ ಕೊರತೆ, ಇನ್ನು ಮುಂದೆ ಎಚ್ಚರ ವಹಿಸತಕ್ಕದ್ದು.

"ಯಾರ ಹೆಸರಿದೆ ಅದರಲ್ಲಿ?" ಎಂದು ಆಕೆ ಕೇಳಿದರು.

ನಾನು ಪುಟವನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದೆ. "ಯಾರದ್ದೂ ಇಲ್ಲಮ್ಮ."

ಅವರು ಎದ್ದು ಸೆರಗಲ್ಲಿ ಮುಖ ಒರೆಸಿಕೊಂಡರು.

"ಹಾಗಾದ್ರೆ, ನಿಮ್ಮ ಮಾವ ಮನೇಲಿದ್ದಾರಾ?"