ಜೀಪ್ ಡ್ರೈವರರ ಬಲಗಾಲು

ಮಕ್ಕಳೇ, ಸಹನಾ, ಚೇತೂ, ನಮ್ಮೂರು ಸಂಸೆಯ ಜೀಪ್ ಡ್ರೈವರ್ ಬಗ್ಗೆ ನಿಮಗೆ ಹೇಳಬೇಕು. ಘಾಟಿಯಲ್ಲಿ ಮಂಜು ಕವಿದರೆ ಅವರು ಜೀಪನ್ನು ಬದಿಗೆ ನಿಲ್ಲಿಸಿಬಿಡುತ್ತಿದ್ದರು. ಬಸ್ಸು ತಪ್ಪುತ್ತದೆ ಎಂದು ಯಾರು ಬೈದರೂ ಒಂದೇ ಉತ್ತರ: "ದಾರಿ ಕಾಣ್ಲಿ ಮಾರಾಯ್ರೆ, ಆಮೇಲೆ ಹೋಗಣ."

ಕಾಶಿಗೆ ಹೋದ ನಮ್ಮ ಗುಂಪಿನಲ್ಲಿ ಅವರೂ ಇದ್ದರು. ವಾಪಸು ಮಂಗಳೂರಿಗೆ ಬಂದಾಗ ರಾತ್ರಿ, ಜೋರು ಮಳೆ. ವಿಮಾನ ಕುಲುಕುತ್ತ ಇಳಿಯುತ್ತಿತ್ತು. ಕಿಟಕಿಯಲ್ಲಿ ಒಂದು ದೀಪವೂ ಕಾಣಲಿಲ್ಲ. ನಿಮ್ಮ ಮುಖ ಇನ್ನು ನೋಡುತ್ತೇನೋ ಇಲ್ಲವೋ ಎನಿಸಿತು. ಪಕ್ಕದಲ್ಲಿ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ವಿಮಾನ ಜೋರಾಗಿ ಸದ್ದು ಮಾಡಿ ಮತ್ತೆ ಮೇಲಕ್ಕೆದ್ದಿತು. ಜನ ಕೂಗಿಕೊಂಡರು. ಅವರ ಬಲಗಾಲು ಮಾತ್ರ ಸಡಿಲವಾಯಿತು.

"ಹೆದರಬೇಡಿ ಅಮ್ಮ. ದಾರಿ ಕಾಣ್ಲಿಲ್ಲ, ಅದ್ಕೆ ಇಳಿಸ್ಲಿಲ್ಲ. ಒಳ್ಳೆ ಡ್ರೈವರ್ರು."

ಅರ್ಧ ಗಂಟೆ ಸುತ್ತಿ, ಮಳೆ ತುಸು ಕಡಿಮೆಯಾದ ಮೇಲೆ ಇಳಿದೆವು. ಎಲ್ಲರೂ ಹೊರಗೆ ನುಗ್ಗಿದರೂ ಅವರು ಬಾಗಿಲಲ್ಲೇ ಕಾದು ನಿಂತು, ಪೈಲಟ್ ಬಂದಾಗ ಕೈಮುಗಿದರು.

"ನಂದೂ ಇದೇ ಕೆಲ್ಸ ಸಾರ್. ನಿಲ್ಸಿದ್ರೆ ಜನ ಬೈತಾರೆ."

ಪೈಲಟ್ ನಕ್ಕು, ಆ ಮುಗಿದ ಕೈಗಳನ್ನು ಹಿಡಿದುಕೊಂಡರು. ಹೊರಗೆ ಬಂದ ಮೇಲೆ ಡ್ರೈವರ್ ನನಗೆ ಮೆಲ್ಲಗೆ ಹೇಳಿದರು, "ಅವ್ರ ಕೈಯೂ ಬೆವ್ತಿತ್ತು ಅಮ್ಮ."

ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿಟ್ಟುಕೊಳ್ಳಿ. ನಿಮ್ಮ ಕೈಗೆ ಗಾಡಿ ಬಂದ ದಿನ ಇನ್ನೊಮ್ಮೆ ಓದಿ.