ಬಚ್ಚಲ ಒಲೆಗೆಂದು ಹೊತ್ತ ಟಯರು

ಗದಗ ಬಸ್ ನಿಲ್ದಾಣದಲ್ಲೇ ನನ್ನ ಸಿಟ್ಟು ಶುರುವಾಯಿತು. ಲಕ್ಷ್ಮೇಶ್ವರದ ಬಸ್ಸಿನ ಕಂಡಕ್ಟರ್ ನನಗೆ ಪುಕ್ಕಟೆ ಟಿಕೆಟ್ ಕೊಟ್ಟು ಸೈಕಲ್ಲಿಗೆ ದುಡ್ಡು ಕೇಳಿದ. "ಹೆಣ್ಣಮಕ್ಕಳಿಗಷ್ಟ ಫ್ರೀ ಐತ್ರಿ ಅಕ್ಕಾರ, ಸೈಕಲ್ಲಿಗಿಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಹಿಂದಿನ ತಿಂಗಳು ಕಪ್ಪತಗುಡ್ಡದ ಬುಡದ ಕಲ್ಲುದಾರಿಯಲ್ಲಿ ಬಿದ್ದು, ಮೊಣಕಾಲು ತರಚಿಕೊಂಡು, ಸೈಕಲ್ ಸಮೇತ ಹಾಲಿನ ಟೆಂಪೊದಲ್ಲಿ ಬೆಟಗೇರಿಯ ಮನೆಗೆ ಬಂದಿದ್ದೆ. ಓಣಿಯೆಲ್ಲ ನಿಂತು ನೋಡಿತು. "ಇನ್ನೊಮ್ಮೆ ಗಾಡ್ಯಾಗ ಹೇರ್ಕೊಂಡು ಬಂದ್ರ ಸೈಕಲ್ ಮಾರೂದ ನೋಡು" ಎಂದರು ನಮ್ಮ ಮನೆಯವರು. ಸಿಟ್ಟಿನಲ್ಲಿ "ಆತ್ರಿ" ಎಂದುಬಿಟ್ಟೆ. ಮುಂದಿನ ಗಾಲಿಗೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ, ಗುಡ್ಡ ಹತ್ತುವ ಆ ಸೈಕಲ್ಲು, ಹೊಲಿಗೆಯ ದುಡಿಮೆಯಲ್ಲಿ ನನಗೆಂದೇ ನಾನು ಕೊಂಡ ಒಂದೇ ಒಂದು ವಸ್ತು.

ಅದಕ್ಕೇ ಈ ಪ್ರಯಾಣ. ಲಕ್ಷ್ಮೇಶ್ವರದಲ್ಲಿ ನನ್ನ ತಮ್ಮನ ಗೆಳೆಯ ಮೆಹಬೂಬನ ಸೈಕಲ್ ಅಂಗಡಿ ಇದೆ. ಅಲ್ಲಿ ಸೈಕಲ್ಲನ್ನು ಕಲ್ಲುದಾರಿಗೆ ತಯಾರು ಮಾಡಿಸಿ, ಅದೇ ಗುಡ್ಡದ ಬುಡ ಹಾಯ್ದು, ಮುಂಡರಗಿ ಮಾರ್ಗವಾಗಿ ಸೈಕಲ್ ತುಳಿದುಕೊಂಡೇ ಮನೆಗೆ ಬರುವುದೆಂದು ಹಟ ಹಿಡಿದಿದ್ದೆ. ಹೊರಡುವಾಗ ಅತ್ತೆ ಒಂದೇ ಮಾತು ಹೇಳಿದ್ದರು: "ಹಳೇ ಟಯರ್ ಅಲ್ಲೇ ಒಗದು ಬರಬ್ಯಾಡವಾ. ಬಚ್ಚಲ ಒಲಿ ಹೊತ್ತಸಾಕ ಬೇಕು." ಸೊಸೆಯ ಮರ್ಯಾದೆ ಹೋಗುವ ಹೊತ್ತಿನಲ್ಲಿ ಇವರಿಗೆ ಒಲೆಯ ಚಿಂತೆ!

ಮೆಹಬೂಬ ಹ್ಯಾಂಡಲ್ ಅಗಲದ್ದು ಹಾಕಿದ, ಬ್ರೇಕ್ ಬದಲಿಸಿದ. ಕೊನೆಗೆ ತನ್ನಲ್ಲಿದ್ದ ಎಲ್ಲಕ್ಕಿಂತ ದಪ್ಪ ಟಯರು ತೆಗೆದು ಎರಡೂ ಗಾಲಿಗೆ ಹಾಕಿದ. "ಇದು ಕಲ್ಲ ನುಂಗತೈತ್ರಿ ಅಕ್ಕಾ." ಫೋನಿನ ವಿಡಿಯೊಗಳಲ್ಲೂ ಹಾಗೇ ಹೇಳಿದ್ದರು. ಹಿಂದಿನ ಗಾಲಿಗೂ ಚೌಕಟ್ಟಿಗೂ ನಡುವೆ ಕಿರುಬೆರಳು ತೂರುವಷ್ಟೂ ಜಾಗ ಉಳಿಯಲಿಲ್ಲ. ಇಬ್ಬರೂ ನೋಡಿದೆವು, ಆದರೂ ನಟ್ಟು ಬಿಗಿದೆವು. ಆ ರಾತ್ರಿ ಅವನ ಮನೆಯಲ್ಲೇ ಉಳಿದೆ. ಹೊರಗೆ ಮಳೆ ಸುರಿಯುತ್ತಿತ್ತು.

ಮರುದಿನ ಮೆಹಬೂಬನೂ ತನ್ನ ಸಾದಾ ಸೈಕಲ್ ಹತ್ತಿ ಜೊತೆಗೆ ಬಂದ. ಶಿರಹಟ್ಟಿಯಲ್ಲಿ ಗಿರಮಿಟ್, ಮಿರ್ಚಿ ತಿಂದೆವು. ಬೆನ್ನಿಗೆ ಕಟ್ಟಿಕೊಂಡ ಎರಡೂ ಹಳೇ ಟಯರುಗಳು ಉಜ್ಜುತ್ತಿದ್ದವು. ಅತ್ತೆಗೆ ಮನಸ್ಸಿನಲ್ಲೇ ಬೈದೆ. ಆದರೆ ಗುಡ್ಡದ ಬುಡದ ಕೆಂಪು ಕಲ್ಲುದಾರಿಯಲ್ಲಿ ಸೈಕಲ್ಲು ಎಲ್ಲೂ ಜಾರಲಿಲ್ಲ. ನಾನು ಬಿದ್ದ ಜಾಗ ಹಿಂದೆ ಸರಿದಾಗ ಜೋರಾಗಿ ಕೂಗಿದೆ.

ಕಲ್ಲು ಮುಗಿದು ಕಪ್ಪು ಮಣ್ಣಿನ ಎರೆಹೊಲದ ಬಂಡಿದಾರಿ ಬಂತು. ನೂರು ಮಾರು ಹೋಗುವಷ್ಟರಲ್ಲಿ ಹಸಿ ಮಣ್ಣು ಕಣಕದಂತೆ ಮೆತ್ತಿಕೊಂಡು, ಚೌಕಟ್ಟಿನ ಸಂದಿ ತುಂಬಿ ಹಿಂದಿನ ಗಾಲಿ ನಿಂತೇಬಿಟ್ಟಿತು. ಕಡ್ಡಿಯಿಂದ ಕೆರೆದೆವು, ಮತ್ತೆ ಮೆತ್ತಿತು. ಅವನ ಸಾದಾ ಸೈಕಲ್ಲು ತೆವಳುತ್ತಲಾದರೂ ಮುಂದೆ ಹೋಗುತ್ತಿತ್ತು. ನನ್ನ ಮೈಯೆಲ್ಲ ಉರಿಯಿತು.

"ಲೇ ಮೆಹಬೂಬ, ಮಳಿ ಆದ್ರ ಚಪ್ಪಲಿ ಕೈಯಾಗ ಹಿಡಕೊಂಡು ಸಾಲಿಗೆ ಹೋದವರು ನಾವು! ಎರಿಮಣ್ಣು ಹೆಂಗ ಮರತ್ಯೋ?"

"ನೀವೂ ಮರತ್ರೆಲ್ರಿ ಅಕ್ಕಾ" ಎಂದು ಅವನು ಫೋನ್ ತೆಗೆದ. "ಟೆಂಪೊ ಕರಸ್ತೀನ್ರಿ."

"ಕರಸಿ ನೋಡು, ಅದರಾಗ ನಿನ್ನ ಹೇರಿ ಕಳಸ್ತೀನಿ!"

ನಾನೂ ಮರೆತೆನೆಂಬ ಅವನ ಮಾತು ಖರೆ ಇತ್ತು. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು. ಸೈಕಲ್ ಹೆಗಲಿಗೆತ್ತಿ ಬದುವಿನ ತನಕ ನಡೆದೆ. ಕೆಳಗಿಳಿಸುವಾಗ ಬೆನ್ನ ಮೇಲಿನ ಟಯರು ಕೊರಳಿಗೆ ಸಿಕ್ಕಿಕೊಂಡಿತು. ಕಿತ್ತು ಒಗೆಯಲು ಕೈ ಎತ್ತಿದವಳು ಹಾಗೇ ನಿಂತೆ. ಮೆಹಬೂಬನೂ ಅದನ್ನೇ ನೋಡುತ್ತಿದ್ದ. ಬದುವಿನ ಪಕ್ಕದ ಹಳ್ಳದ ನೀರಲ್ಲಿ ಗಾಲಿ ತೊಳೆದು, ಹಿಂದಕ್ಕೆ ಆ ಸಣಕಲು ಹಳೇ ಟಯರನ್ನೇ ಹಾಕಿದೆವು; ಬಿಚ್ಚಿದ ದಪ್ಪ ಟಯರು ನನ್ನ ಬೆನ್ನೇರಿತು. ಅದಕ್ಕೂ ಮಣ್ಣು ಮೆತ್ತಿತು, ಆದರೆ ಗಾಲಿ ತಿರುಗಿತು.

ಆ ರಾತ್ರಿ ಮುಂಡರಗಿಯ ಚಿಕ್ಕಮ್ಮನ ಮನೆಯಲ್ಲಿ ಮಲಗಿದೆ. ಮೆಹಬೂಬ ಊರಿಗೆ ಮರಳಿದ. ಬೆಳಿಗ್ಗೆ ಗದಗಿನ ರಸ್ತೆಯಲ್ಲಿ ಎದುರುಗಾಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು, ನಾನು ಅವಕ್ಕೂ ಬೈಯುತ್ತ ತುಳಿದೆ.

ಮನೆ ಮುಟ್ಟಿದಾಗ ಕಟ್ಟೆಯ ಮೇಲೆ ಗುರುತಿಲ್ಲದವರೊಬ್ಬರು ಚಹಾ ಕುಡಿಯುತ್ತ ಕುಳಿತಿದ್ದರು. "ಸೈಕಲ್ ನೋಡಾಕ ಬಂದಾರ" ಎಂದರು ನಮ್ಮ ಮನೆಯವರು, ನನ್ನ ಮುಖ ನೋಡದೆ. ಕೂಸು ಹುಟ್ಟುವ ಮೊದಲೇ ಕುಲಾವಿ! ನಾನು ಸೋತೇ ಬರುತ್ತೇನೆಂದು ಇವರಿಗೆ ಅಷ್ಟು ಖಾತ್ರಿ ಇತ್ತು. ಸೈಕಲ್ಲನ್ನು ಧಡಕ್ಕನೆ ಕಟ್ಟೆಗೆ ಒರಗಿಸಿದೆ.

ಅತ್ತೆ ಒಳಗಿನಿಂದ ಬಂದು ನನ್ನ ಬೆನ್ನು ನೋಡಿದರು. "ಒಂದ ಹಳೇದೈತಿ. ನನ್ನ ಇನ್ನೊಂದ ಟಯರ್ ಎಲ್ಲೆ?"

"ಹಿಂದಿನ ಗಾಲ್ಯಾಗ ಐತ್ರಿ ಅತ್ತಿ. ಅದರ ಮ್ಯಾಲೇ ಮನಿ ಮುಟ್ಟೇನಿ."

ಅವರು ಬಗ್ಗಿ ಗಾಲಿ ಮುಟ್ಟಿ, ಉಗುರಿನಿಂದ ಎರೆಮಣ್ಣು ಕೆರೆದು ನೋಡಿದರು. ಆಮೇಲೆ ಕಟ್ಟೆಯ ಕಡೆ ತಿರುಗಿದರು.

"ಚಾ ಕುಡದು ಏಳ್ರಿ ಯಪ್ಪಾ. ಟಯರ್ ನಂದೈತಿ, ನಾ ಮಾರೂದಿಲ್ಲ."