ಆಂಟಿಯ ವೋಟಿಗೆ ಸಾಕ್ಷಿ

2007ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಚುನಾವಣೆಗೆ ಎರಡು ವಾರವಿದ್ದಾಗ ನಾನು ಮೆಲ್ಬರ್ನಿನಿಂದ ಸಿಡ್ನಿಗೆ ಹೋಗಿದ್ದೆ. ಅಲ್ಲಿನ ಲಿವರ್‌ಪೂಲ್ ಬಡಾವಣೆಯಲ್ಲಿ ಮೈಸೂರು ಕಡೆಯ ನಿವೃತ್ತ ಪ್ರೊಫೆಸರರೊಬ್ಬರು ಮತ್ತು ಅವರ ಹೆಂಡತಿ ಇದ್ದರು; ನನಗೆ ಅಂಕಲ್ ಮತ್ತು ಆಂಟಿ. ಓದಲು ಬಂದ ಹೊಸದರಲ್ಲಿ, ರೂಮು ಸಿಗುವವರೆಗೆ, ಆರು ವಾರ ನನ್ನನ್ನು ಮನೆಯಲ್ಲಿಟ್ಟುಕೊಂಡವರು. ಆಮೇಲೆ ನಾನು ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ನೆಲೆಯಾದರೂ ವರ್ಷಕ್ಕೊಮ್ಮೆ ಹೋಗಿ ಬರುವುದನ್ನು ಬಿಟ್ಟಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಊಟಕ್ಕೆ ಇನ್ನೂ ಎರಡು ಕುಟುಂಬಗಳು ಬಂದಿದ್ದವು. ಈ ದೇಶದಲ್ಲಿ ವೋಟು ಹಾಕದಿದ್ದರೆ ದಂಡ ಕಟ್ಟಬೇಕು ಎಂದು ಯಾರೋ ಗೊಣಗಿದರು. ಅಷ್ಟಕ್ಕೇ ಅಂಕಲ್ ತಮ್ಮ ಹದಿನೆಂಟನೆಯ ವಯಸ್ಸಿನ ಕಥೆ ತೆಗೆದರು.

ಅದು ದೇಶದ ಮೊದಲನೆಯ ಲೋಕಸಭಾ ಚುನಾವಣೆ. ಅವರ ಸೋದರಮಾವನ ಸ್ನೇಹಿತರೊಬ್ಬರು ನಿಂತಿದ್ದರು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಗುರುತಿನ ಚಿತ್ರ. ಮರೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರೆ ಮುಗಿಯಿತು. ಹಾಕದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಹೊರಗೆ ತಂದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಕಲ್ ಹಿಂದಿನ ದಿನವೇ ಊರಾಚೆಯ ಹೊಲಗೇರಿಗೆ ಹೋಗಿ ಹೆಂಗಸರನ್ನೆಲ್ಲ ಸೇರಿಸಿ, ಒಳಗಿನ ಪೆಟ್ಟಿಗೆಗಳು ಬರೀ ತೋರಿಕೆಗೆ, ಚೀಟಿಯನ್ನು ತಮ್ಮ ಕೈಗೆ ತಂದು ಕೊಟ್ಟರೇನೇ ಸರ್ಕಾರಕ್ಕೆ ಮುಟ್ಟುವುದು ಎಂದು ನಂಬಿಸಿ ಬಂದರಂತೆ. ಓದಿದ ಹುಡುಗ, ಸುಳ್ಳು ಹೇಳುತ್ತಾನೆಯೇ? ಮರುದಿನ ಒಬ್ಬೊಬ್ಬರೇ ಬಂದು, ಅಂಕಲ್ ಕೈಗೆ ತಾಗದ ಹಾಗೆ ಚೀಟಿಯನ್ನು ನೆಲದ ಮೇಲಿಟ್ಟು ಹೋದರಂತೆ. ಅಭ್ಯರ್ಥಿಯ ಕಡೆಯವರೊಬ್ಬರು ಅವಷ್ಟನ್ನೂ ಪಂಚೆಯಲ್ಲಿ ಸಿಕ್ಕಿಸಿಕೊಂಡು ಮರೆಯ ಹಿಂದೆ ಹೋಗಿ ತಮ್ಮ ಪೆಟ್ಟಿಗೆಗೆ ತುರುಕಿದರು.

"ನನಗಿನ್ನೂ ವೋಟೇ ಬಂದಿರ್ಲಿಲ್ಲ ಕಣ್ರಿ, ಆಗ ಇಪ್ಪತ್ತೊಂದಾಗಬೇಕಿತ್ತು. ಆದ್ರೂ ಅವತ್ತು ನನ್ನಷ್ಟು ವೋಟು ಹಾಕಿದೋರು ಇಡೀ ತಾಲ್ಲೂಕಲ್ಲಿ ಇನ್ನೊಬ್ಬರಿರ್ಲಿಲ್ಲ" ಎಂದರು ಅಂಕಲ್.

ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ಅಜ್ಜಿ ಅಂಥದೇ ಒಂದು ಕೇರಿಯವಳು. ಸಿಡ್ನಿಯಲ್ಲಿ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಾವೂರು ಎಂದು ಕೇಳಿದವರು ಯಾವ ಬೀದಿ ಎಂದು ಮುಂದುವರಿಸುವ ಮೊದಲೇ ಮಾತು ತಿರುಗಿಸುವುದು ನನಗೆ ಅಭ್ಯಾಸವಾಗಿಹೋಗಿತ್ತು. ಅವತ್ತು ಪಾಯಸದ ಲೋಟವನ್ನು ಹಾಗೇ ಮೇಜಿನ ಮೇಲಿಟ್ಟೆ. ಅವರ ಕಥೆಗಿಂತ ನನ್ನ ನಗುವೇ ಹೆಚ್ಚು ಹೇಸಿಗೆ ಹುಟ್ಟಿಸಿತು.

ಮರುದಿನ ಬೆಳಿಗ್ಗೆ ಅಂಕಲ್ ಅಂಚೆಯಲ್ಲಿ ಬಂದಿದ್ದ ಎರಡು ಪೋಸ್ಟಲ್ ವೋಟುಗಳನ್ನು ಊಟದ ಮೇಜಿನ ಮೇಲೆ ಹರಡಿದ್ದರು. ಚುನಾವಣೆಯ ದಿನ ಅವರಿಬ್ಬರೂ ಬೆಂಗಳೂರಿನಲ್ಲಿರುವವರಿದ್ದರು. ತಮ್ಮ ಚೀಟಿಯಲ್ಲಿ, ಇಲ್ಲಿನ ಪದ್ಧತಿಯಂತೆ, ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ನಂಬರು ಹಾಕಿದರು. ಆಮೇಲೆ ಆಂಟಿಯದಕ್ಕೂ ತಾವೇ ಹಾಕಿ, ಮಡಿಸಿ ಕವರಿಗೆ ಸೇರಿಸಿ, ಆಂಟಿಯನ್ನು ಕರೆದರು. ಹುರುಳಿಕಾಯಿ ಹೆಚ್ಚುತ್ತಿದ್ದ ಆಂಟಿ ಕೈ ಒರೆಸಿಕೊಂಡು ಬಂದು ಕವರಿನ ಮೇಲೆ ಸೈನ್ ಮಾಡಿದರು. ಅದಕ್ಕೊಬ್ಬರು ಸಾಕ್ಷಿಯ ಸಹಿ ಬೇಕಿತ್ತು. ಅಂಕಲ್ ಪೆನ್ನನ್ನು ನನ್ನ ಕಡೆ ತಳ್ಳಿದರು.

ಯಾರಿಗೆ ವೋಟು ಹಾಕಿದಿರಿ ಎಂದು ಆಂಟಿಯನ್ನು ಕೇಳಿದೆ. ಅವರು ಗಂಡನ ಮುಖ ನೋಡಿದರು. ಅವಳಿಗೆ ಅದೆಲ್ಲ ತಿಳಿಯುವುದಿಲ್ಲ ಎಂದು ಅಂಕಲ್ ನಕ್ಕರು.

"ನಾನು ಸೈನ್ ಹಾಕಲ್ಲ ಅಂಕಲ್. ಇದು ಆಂಟಿ ಹಾಕಿದ ವೋಟಲ್ಲ" ಎಂದೆ. "ನಿನ್ನೆ ನೀವು ಹೇಳಿದ್ರಲ್ಲ, ಆ ಹೆಂಗಸರು... ನಮ್ಮಜ್ಜೀನೂ ಅಂಥದೇ ಕೇರಿಯವಳು."

ಅಂಕಲ್ ಪೆನ್ನನ್ನು ವಾಪಸು ತೆಗೆದುಕೊಂಡು ಮುಚ್ಚಳ ಹಾಕಿದರು. ಅವರಿಗೆ ನಾಚಿಕೆಯಾಗುತ್ತಿದೆ ಎಂದೇ ನಾನು ತಿಳಿದೆ. ಆದರೆ ಅವರ ಕಣ್ಣು ನನ್ನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋಗಿತ್ತು.

"ಆರು ವಾರ ಒಳಗೆಲ್ಲ ಓಡಾಡ್ಕೊಂಡಿದ್ದೆ. ಒಂದು ಮಾತು ಹೇಳ್ಲಿಲ್ಲವಲ್ಲ ನೀನು" ಎಂದರು.

ಕವರನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋದರು. ಅಲ್ಲಿಯವರು ಸಹಿ ಹಾಕಿಕೊಟ್ಟರು. ಆಂಟಿ ಒಳಗೆ ಹೋಗಿ ಹುರುಳಿಕಾಯಿ ಹೆಚ್ಚತೊಡಗಿದರು. ನಾನು ಟ್ಯಾಕ್ಸಿ ಕರೆಸಿ ಏರ್‌ಪೋರ್ಟಿಗೆ ಹೊರಟುಬಿಟ್ಟೆ.

ಜನವರಿಯಲ್ಲಿ ಆಂಟಿ ಫೋನ್ ಮಾಡಿದರು. ಮಳೆ, ಬಿಸಿಲು, ಕೆಲಸ ಎಲ್ಲ ವಿಚಾರಿಸಿದ ಮೇಲೆ ದನಿ ತಗ್ಗಿಸಿ, "ನಮ್ಮನೇಲಿ ಇದ್ದೆ ಅಂತ ಯಾರ ಹತ್ರಾನೂ ಹೇಳ್ಬೇಡಮ್ಮ, ಇವರಿಗೆ ಬೇಜಾರಾಗುತ್ತೆ" ಎಂದರು.

ಆಯ್ತು ಆಂಟಿ ಎಂದು ಫೋನಿಟ್ಟೆ. ಅವರು ಮತ್ತೆ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಆಯ್ತು ಎಂದದ್ದು ಯಾಕೆ ಎಂದು ಕೇಳಿಕೊಂಡಾಗೆಲ್ಲ ನನಗೆ ಇವತ್ತಿಗೂ ನನ್ನ ಮೇಲೇ ಹೇಸಿಗೆಯಾಗುತ್ತದೆ.